ಮೂಳೆ ನೆಟ್ಟಗಿದೆ ಅಂದವರಿಗೆ

ಬಿಳಿಗೆರೆ
೧೪–೨–೧೯೮೩

ಹಿರಿಯರಾದ ಭಾವನವರ ಪಾದಕ್ಕೆ ನಿಮ್ಮ ತಮ್ಮನ ಹೆಂಡತಿ ಹೊಂಬಾಳಮ್ಮನ ನಮಸ್ಕಾರ.

ದಾಂಡೇಲಿಯಲ್ಲಿ ನೀವು, ನಿಂಗಮ್ಮಕ್ಕ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಕ್ಕನ ಮಂಡಿನೋವು ಹೇಗಿದೆ? ಕಾರ್ಖಾನೆಯ ಧೂಳಿಗೆ ನಿಮಗೆ ಕೆಮ್ಮು ಹತ್ತಿತ್ತಲ್ಲ, ಈಗ ಕಡಿಮೆಯೇ? ಹಿಪ್ಪಲಿ ಕಷಾಯ ಬಿಡಬೇಡಿ. ಇಲ್ಲಿ ನಾವೂ ಕ್ಷೇಮ ಅಂತ ಬರೆಯಬೇಕಿತ್ತು. ಕೈ ಬರಲಿಲ್ಲ, ಬಿಟ್ಟಿದ್ದೇನೆ.

ಸಂಕ್ರಾಂತಿ ಹೊತ್ತಿಗೆ ನೀವು ಬರೆದ ಕಾಗದ ತಲುಪಿತು. "ಎಕ್ಸ್‌ರೇನಲ್ಲಿ ಮೂಳೆ ಎಲ್ಲಾ ನೆಟ್ಟಗವೆ ಅಂದ್ಮೇಲೆ ಇನ್ನೇನು ಕಾಯಿಲೆ? ಮೈಗಳ್ಳತನ ಬುಟ್ಟು ತೋಟಕ್ಕೆ ಹೋಗು ಅನ್ನು" ಅಂತ ಬರೆದಿದ್ದಿರಿ. ಅಣ್ಣನ ಕಾಗದ ಬಂತು, ಓದು ಓದು ಅಂತ ನಿಮ್ಮ ತಮ್ಮ ಆಸೆಯಿಂದ ಕೇಳಿದರು. ಅರ್ಧ ಓದುವಷ್ಟರಲ್ಲಿ ಅವರು ಗೋಡೆ ಕಡೆ ತಿರುಗಿ ಮಲಗಿದರು. ನೀವು ಹಿರಿಯರು, ನಾನು ಮಾತಾಡಬಾರದು. ಆದರೆ ಆ ಕಾಗದ ಓದಿದ ಬಾಯಿ ನನ್ನದು ಭಾವ, ನನಗೆ ಇನ್ನೂ ಹೊಟ್ಟೆ ಉರಿಯುತ್ತಿದೆ.

ಕಾಯಿ ಕೀಳಲು ತೆಂಗಿನ ಮರ ಹತ್ತಿದವರು ಜಾರಿ ಬದುವಿನ ಮೇಲೆ ಕೂತಂತೆಯೇ ಬಿದ್ದ ದಿನ ಇವರು ಎದ್ದು, ಎಳನೀರ ಗೊನೆ ಹೆಗಲಿಗೆ ಹಾಕಿಕೊಂಡು ನಡೆದೇ ಮನೆಗೆ ಬಂದರು. ಅದೇ ದೊಡ್ಡ ತಪ್ಪಾಗಿ ಹೋಯಿತು. ಅವತ್ತು ಚಟ್ಟದ ಮೇಲೆ ಹೊತ್ತಂತೆ ಹೊತ್ತು ತಂದಿದ್ದರೆ ಊರು ನಂಬುತ್ತಿತ್ತು. ಆಮೇಲೆ ಸೊಂಟದಿಂದ ಎಡಗಾಲಿಗೆ ಕೆಂಡ ಸುರಿದಂತೆ ನೋವು ಇಳಿಯತೊಡಗಿತು, ಕಾಲು ಎಳೆಯುವಂತಾಯಿತು. ತಿಪಟೂರಿನಲ್ಲಿ ಎಕ್ಸ್‌ರೇ ತೆಗೆಸಿದೆವು. ಅದರಲ್ಲಿ ಮೂಳೆ ಮುರಿದಿರಲಿಲ್ಲ, ಅದು ನಿಜವೇ. ಪಕ್ಕದ ತೋಟದ ತಿಪ್ಪಯ್ಯ ಆ ಹಾಳೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಒಂದು ಬಿರುಕೂ ಇಲ್ಲ ಕಣ್ಲಾ, ಏಳ್ಲಾ ಮ್ಯಾಕೆ" ಅಂದ. ಅವತ್ತಿನಿಂದ ದಾರಿಯಲ್ಲಿ ಹೋಗುವವರೆಲ್ಲ ಆ ಹಾಳೆ ಕೇಳಿ ನೋಡುವವರೇ, ತೀರ್ಪು ಕೊಡುವವರೇ. ಅಟ್ಟದ ಮೇಲಿನ ತೆಂಗಿನಕಾಯಿಯ ಚಿಪ್ಪು ಒಡೆದಿಲ್ಲ ಅಂದ ಮಾತ್ರಕ್ಕೆ ಒಳಗಿನ ಕೊಬ್ಬರಿ ಕೆಟ್ಟಿಲ್ಲ ಅಂತ ಈ ಊರವರಲ್ಲಿ ಯಾರಾದರೂ ಹೇಳುತ್ತಾರಾ? ಕಾಯಿಗೆ ಇರುವ ನ್ಯಾಯ ನನ್ನ ಗಂಡನಿಗೆ ಇಲ್ಲವಾಯಿತು.

ಯಾರ ಮಾತೂ ಕೇಳದೆ ಇವರನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಹಳೆಯ ಹಾಳೆ ನೋಡಿ, ಇದರಲ್ಲಿ ಕಾಣುವುದು ಮೂಳೆ ಮಾತ್ರ ಕಣಮ್ಮಾ ಅಂದರು. ಎಕ್ಸ್‌ರೇ ಕಿರಣವನ್ನು ಮೂಳೆ ತಡೆಯುತ್ತದಂತೆ, ಅದಕ್ಕೇ ಬೆಳ್ಳಗೆ ಮೂಡುತ್ತದೆ. ಮೂಳೆಗಳ ನಡುವಿನ ಮೆತ್ತನೆ ಬಿಲ್ಲೆ, ಒಳಗಿನ ನರ, ಇವುಗಳ ಗುರುತೇ ಅದರಲ್ಲಿ ಹತ್ತುವುದಿಲ್ಲವಂತೆ. ಅದಕ್ಕೆ ಬೇರೊಂದು ಎಕ್ಸ್‌ರೇ ಇದೆ, ಮೈಲೋಗ್ರಾಂ ಅಂತ. ಬೆನ್ನುಹುರಿಯ ಸುತ್ತ ಇರುವ ನೀರಿನೊಳಕ್ಕೆ ಸೂಜಿ ಹಾಕಿ ಎಣ್ಣೆಯಂಥ ಮದ್ದು ಬಿಡುತ್ತಾರೆ. ಆ ಮದ್ದು ಕಿರಣವನ್ನು ತಡೆಯುತ್ತದೆ, ಹೀಗಾಗಿ ಅದು ಹರಿದ ದಾರಿಯೆಲ್ಲ ಚಿತ್ರದಲ್ಲಿ ಎದ್ದು ಕಾಣುತ್ತದೆ.

ನನ್ನನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಇವರನ್ನು ಮೇಜಿನ ಮೇಲೆ ಬೋರಲು ಮಲಗಿಸಿ ಪಟ್ಟಿ ಬಿಗಿದು, ಮೇಜನ್ನೇ ಒಮ್ಮೆ ಕಾಲು ಕೆಳಗೆ, ಒಮ್ಮೆ ತಲೆ ಕೆಳಗೆ ಮಾಡಿದರಂತೆ. ಮದ್ದು ನೀರಿಗಿಂತ ಭಾರ, ವಾಲಿಸಿದ ಕಡೆಗೆ ಹರಿಯುತ್ತದೆ. ಡಾಕ್ಟರು ಅದನ್ನು ಕತ್ತಲಕೋಣೆಯ ಪರದೆಯಲ್ಲಿ ನೋಡುತ್ತ ನೋಡುತ್ತಲೇ ಚಿತ್ರ ಹಿಡಿದರು. ಕೊನೆಗೆ ಆ ಮದ್ದನ್ನು ಸೂಜಿಯಲ್ಲೇ ವಾಪಸ್ ಎಳೆದರು. ಆಮೇಲೆ ತಲೆ ಸಿಡಿದು ಹೋಗುತ್ತೆ ಅಂತ ಇವರು ಒದ್ದಾಡಿದ್ದನ್ನು ನಾನು ಬರೆಯುವುದಿಲ್ಲ.

ಡಾಕ್ಟರು ಹೊಸ ಹಾಳೆಯನ್ನು ದೀಪದ ಮುಂದೆ ಹಿಡಿದು ತೋರಿಸಿದರು. ಬೆಳ್ಳನೆ ಮದ್ದು ಬೆನ್ನಿನಲ್ಲಿ ನೆಟ್ಟಗೆ ಹರಿದು, ಸೊಂಟದ ಹತ್ತಿರ ಒಂದು ಕಡೆ ಕಚ್ಚಿ ತೆಗೆದಂತೆ ಕಿರಿದಾಗಿದೆ. ಬಿಲ್ಲೆ ಪಕ್ಕಕ್ಕೆ ಜರುಗಿ ನರವನ್ನು ಅಲ್ಲೇ ಒತ್ತಿ ಹಿಡಿದಿದೆಯಂತೆ. ಇವರು ಅದನ್ನೇ ನೋಡುತ್ತ, "ಹಂಗಾರೆ ನಾ ಹೇಳಿದ್ದು ಸುಳ್ಳಲ್ಲ ತಾನೇ ಸಾರ್?" ಅಂತ ಕೇಳಿ ಬಿಕ್ಕಿ ಬಿಕ್ಕಿ ಅತ್ತರು. ಊರವರ ಮಾತು ಕೇಳಿ ಕೇಳಿ ತಮ್ಮ ನೋವನ್ನು ತಾವೇ ಅನುಮಾನಿಸತೊಡಗಿದ್ದರು ಪಾಪ. ನಾನು ಅವತ್ತು ಅಳಲಿಲ್ಲ, ಅಲ್ಲಿಂದಲೇ ತಿಪ್ಪಯ್ಯನಿಗೆ ಬೈದೆ.

ತಡ ಮಾಡದೆ ಆಪರೇಷನ್ ಮಾಡಿಸಿ, ಕಾಲು ಮರಗಟ್ಟಿತೆಂದರೆ ಆಮೇಲೆ ಆಪರೇಷನ್ ಮಾಡಿದರೂ ನಡೆಯುತ್ತಾರೆ ಅಂತ ಹೇಳಲಾಗದು ಅಂದರು ಡಾಕ್ಟರು. ಇನ್ನೇನು ಬೇಕಿತ್ತು? ನಿಮ್ಮ ತಮ್ಮ ಒಪ್ಪಲಿಲ್ಲ. "ಅಣ್ಣ ನನ್ನ ಮೈಗಳ್ಳ ಅಂದವ್ನೆ. ಅವ್ನು ಬಂದು ಈ ಫೋಟೋ ನೋಡ್ಲಿ. ಅಲ್ಲೀಗಂಟ ನಾ ಕುಯ್ಸಿಕೊಳ್ಳಾಕಿಲ್ಲ ಕಣೇ" ಅಂತ ಹಟ ಹಿಡಿದು ಮನೆಗೆ ಬಂದು ಮಲಗಿದ್ದಾರೆ. ಬೈದೆ, ಬೇಡಿಕೊಂಡೆ, ಊಟ ಬಿಟ್ಟೆ. ತಂದೆಯ ಜಾಗದಲ್ಲಿ ನಿಂತು ಸಾಕಿದ ಅಣ್ಣ ನೀವು, ನಿಮ್ಮ ಒಂದು ಮಾತಿನ ಮುಂದೆ ನನ್ನ ನೂರು ಮಾತು ನಡೆಯುವುದಿಲ್ಲ. ನಿಮ್ಮಿಬ್ಬರ ನಡುವೆ ಸಿಕ್ಕಿ ನನಗೆ ಸಾಕಾಗಿ ಹೋಗಿದೆ. ಕಡುಬಿನಂತೆ ಊದಿದ ಮುಖ ಮಾಡಿಕೊಂಡು ಬಂದರೂ ಸರಿ, ಬಂದು ಆ ಹಾಳೆ ನೋಡಿ.

ಒರಟಾಗಿ ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಂಗಮ್ಮಕ್ಕನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ,
ಹೊಂಬಾಳಮ್ಮ

ಮತ್ತೊಂದು ಮಾತು: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಈಗ ಇವರ ಮೈ ಒರೆಸಲು ಬಿಸಿನೀರು ತಂದವಳು ಎಡವಿದೆ, ಕುದಿಯುವ ನೀರು ಅವರ ಎಡಪಾದದ ಮೇಲೆ ಚೆಲ್ಲಿತು. ನಾನು ಕಿರುಚಿಕೊಂಡೆ. ಇವರು ನನ್ನ ಮುಖ ನೋಡಿ, "ಯಾಕೇ, ಏನಾಯ್ತು?" ಅಂದರು. ಪಾದದಲ್ಲಿ ಬೊಬ್ಬೆ ಎದ್ದಿದೆ, ಕಂಬಳಿ ಮುಚ್ಚಿದ್ದೇನೆ, ಅವರಿಗಿನ್ನೂ ಗೊತ್ತಿಲ್ಲ. ಉತ್ತರ ಬರೆಯಬೇಡಿ ಭಾವ, ಬನ್ನಿ.