ಕನೆಕ್ಷನ್ ಇರುವುದು ಅವರ ಹೆಸರಲ್ಲಿ

ಮಂಗಳವಾರ, ರಾತ್ರಿ ಮೂರು ಗಂಟೆ. ಮಗುವಿನ ಬಿಕ್ಕಳಿಕೆಗೆ ಎಚ್ಚರವಾಯಿತು. ಎತ್ತಿಕೊಂಡರೆ ಎಲ್ಲಿ ಬೀಳಿಸಿಬಿಡುತ್ತೇನೋ ಎಂಬ ಅದೇ ಭಯ. ಗಂಡನಿಗೂ ಹೇಳಿಲ್ಲ. ದಿನಾ ರಾತ್ರಿ ಬಾಣಂತಿಯರ ಮನೋವೈದ್ಯರ ಸೈಟ್ ಓದಿ, ಬೆಳಗಾಗುವಷ್ಟರಲ್ಲಿ ಓದಿದ ಗುರುತನ್ನೆಲ್ಲ ಫೋನಿನಿಂದ ಅಳಿಸಿಬಿಡುತ್ತಿದ್ದೆ.

ನಿನ್ನೆ ಸಂಜೆ ಇಂಟರ್ನೆಟ್ ಕಂಪನಿಯ ಹುಡುಗಿ ಫೋನ್ ಮಾಡಿದ್ದಳು. "ನಿದ್ದೆ ಬರ್ತಿಲ್ವಾ ಮೇಡಂ? ನೀವು ದಿನಾ ರಾತ್ರಿ ನೋಡೋ ಡಾಕ್ಟರ್ ಸೈಟು ಇನ್ಮೇಲೆ ಬೇರೆ ಪ್ಯಾಕಲ್ಲಿ ಬರುತ್ತೆ, ಹೆಚ್ಚಿಗೆ ದುಡ್ಡು ಕಟ್ಬೇಕು. ಕನೆಕ್ಷನ್ ಯಜಮಾನ್ರ ಹೆಸರಲ್ಲಿದೆಯಲ್ಲ, ಬೆಳಿಗ್ಗೆ ಅವ್ರಿಗೇ ಎಲ್ಲಾ ಹೇಳ್ತೀವಿ ಬಿಡಿ."

"ಬೇಡ" ಅಂದೆ.

"ಯಾಕೆ, ಅವ್ರಿಗೆ ಗೊತ್ತಿಲ್ವಾ?" ಎಂದು ನಕ್ಕಳು.

ಈಗ ಮನೆಯಲ್ಲಿ ಯಾರೂ ಏನೂ ನೋಡುತ್ತಿಲ್ಲ. ಆದರೂ ರೌಟರಿನ ದೀಪ ಮಿಣುಕುತ್ತಲೇ ಇದೆ.

ಅಕ್ಕಾ, ನಿನಗೆ ಮೆಸೇಜ್ ಹಾಕಿದರೆ ಅದೂ ಕಂಪನಿಯವರಿಗೆ ಕಾಣುತ್ತದೇನೋ ಎಂಬ ಭಯ; ಮನಸ್ಸಿನಲ್ಲೇ ನಿನ್ನನ್ನು ಕರೆಯುತ್ತಿದ್ದೇನೆ. ಆ ಕಂಪನಿಯವರು ಇವರಿಗೆ ಫೋನ್ ಮಾಡುವ ಮುಂಚೆ ನೀನು ನನಗೆ ಫೋನ್ ಮಾಡು. ನೀನು ಆ ಕಡೆ ಇದ್ದರೆ ನಾನೇ ಇವರನ್ನು ಎಬ್ಬಿಸಿ ಹೇಳುತ್ತೇನೆ. ಮಾಡೇ ಅಕ್ಕಾ, ಬೆಳಗಾಗುವುದರೊಳಗೆ ಒಂದೇ ಒಂದು ಸಲ…