ಐವತ್ನಾಲ್ಕರ ತಂಗಿ

ಗದಗ
ಉರಿಮಾಸದ ತೊಂಬತ್ತೊಂದನೆಯ ದಿನ, ೨೨೧೬

ಪ್ರೀತಿಯ ನೀಲಾಂಬಿಕಾ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮಲ್ಲಿ ಬೇಸಿಗೆಯೆಲ್ಲ ಸೇರಿ ಒಂದೇ ತಿಂಗಳು. ಅದಕ್ಕೆ ಉರಿಮಾಸ ಎನ್ನುತ್ತೇವೆ; ಮುಗಿಯುವಷ್ಟರಲ್ಲಿ ನೂರು ದಿನ ದಾಟುತ್ತದೆ. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ನಿನ್ನ ಅಕ್ಕ ಶಿವಲೀಲಾ ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿ. ಆ ಲೆಕ್ಕದಲ್ಲಿ ನೀನೂ ನನಗೆ ಅಜ್ಜಿಯೇ. ಆದರೆ ನಮ್ಮ ಮನೆಯಲ್ಲಿ ಉಳಿದಿರುವ ಫೋಟೋದಲ್ಲಿ ನಿನಗೆ ಇಪ್ಪತ್ತೊಂಬತ್ತು, ನನಗೀಗ ಇಪ್ಪತ್ತೇಳು. ಹಾಗಾಗಿ ಸಲುಗೆಯಿಂದ ನೀನು ಎಂದೇ ಬರೆಯುತ್ತೇನೆ. ನಮ್ಮಿಬ್ಬರಿಗೂ ಒಂದೇ ರೋಗ, ಲೂಪಸ್. ಇಷ್ಟು ಕಾಲವಾದರೂ ಅದು ನಮ್ಮ ವಂಶ ಬಿಟ್ಟು ಹೋಗಿಲ್ಲ. ಕೆನ್ನೆಯ ಮೇಲೆ ಅದೇ ಕೆಂಪು, ಬೆಳಗಾದರೆ ಬೆರಳಿನ ಗಂಟುಗಳಲ್ಲಿ ಅದೇ ಬಿಗಿತ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪತ್ರವನ್ನು ನಾನು ಒಳ್ಳೆಯತನದಿಂದ ಬರೆಯಲು ಕೂತದ್ದಲ್ಲ, ಹೊಟ್ಟೆಕಿಚ್ಚಿನಿಂದ ಕೂತದ್ದು. ನಾಳೆ ನನ್ನ ಅಕ್ಕ ಸುಗಲಾಳ ಮದುವೆ. ಹಿಂದಿನ ಕಾಲಕ್ಕೆ ಕಳಿಸುತ್ತಿರುವ ಈ ಪತ್ರ ಸರಿಯಾದ ದಿನಕ್ಕೆ ತಲುಪಿದರೆ ನಿನಗೂ ನಾಳೆಯೇ ಅಕ್ಕನ ಮದುವೆ. ನೀನು ಕಳಸಗಿತ್ತಿಯಾಗಿ ತಾಮ್ರದ ಕಳಸ ಹಿಡಿದು ಮದುಮಗಳ ಪಕ್ಕದಲ್ಲಿ ನಿಲ್ಲುತ್ತೀಯ. ಆ ಫೋಟೋ ನಮ್ಮ ಪಡಸಾಲೆಯಲ್ಲಿದೆ. ಹಸಿರು ಇಳಕಲ್ ಸೀರೆ, ಹಲ್ಲು ಕಾಣುವ ನಗು. ಚಿಕ್ಕವಳಿದ್ದಾಗಿನಿಂದ ಅದನ್ನು ನೋಡುತ್ತ, ಸುಗಲಾಳ ಮದುವೆಯಲ್ಲಿ ನಾನೂ ಹಾಗೆಯೇ ನಿಲ್ಲುತ್ತೇನೆಂದು ನಂಬಿಕೊಂಡಿದ್ದೆ. ಆದರೆ ನಾಳೆ ಆ ಕಳಸ ಯಾವಳೋ ದೊಡ್ಡಪ್ಪನ ಮೊಮ್ಮಗಳ ಕೈಯಲ್ಲಿರುತ್ತದೆ. ನಾನು ಹಿರಿಯರ ಸಾಲಿನಲ್ಲಿ ಕೂತು ಅಕ್ಷತೆ ಹಾಕಬೇಕು.

ಯಾಕೆಂದರೆ ನಮ್ಮ ಕಾಲದಲ್ಲಿ ಹುಟ್ಟಿದ ದಿನದಿಂದ ವಯಸ್ಸು ಎಣಿಸುವುದಿಲ್ಲ. ನಾಳವಯಸ್ಸು ಎಣಿಸುತ್ತೇವೆ, ಅಂದರೆ ರಕ್ತನಾಳಗಳಿಗೆ ಎಷ್ಟು ವಯಸ್ಸಾಗಿದೆ ಎಂಬುದು. ಪ್ರತಿ ಓಣಿಯ ತುದಿಯಲ್ಲಿ ಒಂದು ಕೇಳುಗಲ್ಲು ಇರುತ್ತದೆ. ಅದರ ಮೇಲೆ ಅಂಗೈ ಇಟ್ಟರೆ ನಾಡಿ ಕೇಳಿ ನಾಳವಯಸ್ಸು ಹೇಳುತ್ತದೆ. ಬಸ್ಸಿನಲ್ಲಿ ಸೀಟು, ಊಟದ ಪಂಕ್ತಿಯಲ್ಲಿ ಜಾಗ, ಯಾರು ಯಾರ ಕಾಲಿಗೆ ಬೀಳಬೇಕು ಎಂಬುದು, ಎಲ್ಲವೂ ಅದರ ಪ್ರಕಾರವೇ. ಸುಗಲಾ ಹುಟ್ಟಿ ಮೂವತ್ತೊಂದು ವರ್ಷ, ಅವಳ ನಾಳಗಳಿಗೆ ಇಪ್ಪತ್ತೆರಡು. ನನ್ನವಕ್ಕೆ ಐವತ್ನಾಲ್ಕು. ಕಳಸಗಿತ್ತಿ ಮದುಮಗಳಿಗಿಂತ ಚಿಕ್ಕವಳಿರಬೇಕು. ಬೆಟಗೇರಿಯಲ್ಲಿ ಬೀದಿಗಳ ಮೇಲೆ ಕಟ್ಟುವ ನೆರಳುಬಟ್ಟೆ ನೇಯುವುದು ನನ್ನ ಕೆಲಸ. ಅಲ್ಲಿ ನನ್ನ ಜೊತೆ ಶಾಲೆಗೆ ಬಂದ ಹುಡುಗರೇ ಎದ್ದು ನಿಂತು "ಬರ್ರಿ ಅವ್ವಾರ, ಇಲ್ಲಿ ಕುಂಡ್ರಿ" ಎನ್ನುತ್ತಾರೆ. ಅವರಲ್ಲಿ ಒಬ್ಬನಾದರೂ ನನ್ನತ್ತ ಕಣ್ಣು ಹಾಯಿಸಲಿ ಎಂದು ನಾನು ಹೊಸ ಸೀರೆ ಉಟ್ಟು ಹೋದ ದಿನವೂ ಹಾಗೆಯೇ ಎಂದರು.

ನಾಳಗಳಿಗೆ ಯಾಕೆ ಇಷ್ಟು ಬೇಗ ಮುಪ್ಪು ಬರುತ್ತದೆ ಎಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ತಾಮ್ರದ ಕಳಸ ಗಾಳಿಗಿಟ್ಟರೆ ಕಿಲುಬು ಹಿಡಿಯುತ್ತದಲ್ಲ, ಹೆಚ್ಚು ಕಡಿಮೆ ಹಾಗೆಯೇ. ನಾವು ಎಳೆದುಕೊಳ್ಳುವ ಉಸಿರಿನಿಂದಲೇ ಮೈಯೊಳಗೆ ಸಣ್ಣ ಕಿಡಿಗಳು ಏಳುತ್ತವೆ. ಉಳಿದವರ ಮೈ ಅವನ್ನು ಆಗಿಂದಾಗಲೇ ನಂದಿಸುತ್ತದೆ. ಲೂಪಸ್ ಇರುವವರ ಮೈ ತನ್ನ ಮೇಲೆ ತಾನೇ ಜಗಳಕ್ಕೆ ನಿಂತಿರುತ್ತದೆ, ಕಿಡಿಗಳು ನಂದಿಸಲಾರದಷ್ಟು ಏಳುತ್ತವೆ. ಅವು ರಕ್ತದಲ್ಲಿನ ಕೊಬ್ಬನ್ನು ಕೆಡಿಸುತ್ತವೆ, ಕೆಟ್ಟ ಕೊಬ್ಬು ನಾಳದ ಗೋಡೆಗೆ ಮೆತ್ತಿಕೊಳ್ಳುತ್ತದೆ. ನಾವು ಇದನ್ನು ಒಳಗಿಲುಬು ಎನ್ನುತ್ತೇವೆ. ಮುಖ ಮಾತ್ರ ಹುಡುಗಿಯದಾಗಿಯೇ ಇರುತ್ತದೆ.

ಸುಗಲಾ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಇವತ್ತು ಅರಿಶಿನ ಹಚ್ಚಿಸಿಕೊಂಡು ಬಂದು, ಎಲ್ಲರೆದುರು ನನ್ನ ಕಾಲಿಗೆ ಬಿದ್ದು, ಎದ್ದವಳೇ ಕಿವಿಯಲ್ಲಿ "ನನ್ನ ಕಳಸಗಿತ್ತಿ ನೀನ ಆಗಬೇಕಿತ್ತ ನೋಡು" ಎಂದು ಅತ್ತಳು. ಅವಳ ತಲೆಯ ಮೇಲೆ ಕೈಯಿಟ್ಟು ಹರಸಿದೆ. ಕೈ ಹರಸುತ್ತಿತ್ತು, ಹೊಟ್ಟೆ ಧಗಧಗ ಉರಿಯುತ್ತಿತ್ತು. ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಹೋದದ್ದನ್ನು ನೋಡಿ ಇನ್ನಷ್ಟು ಉರಿಯಿತು. ಒಳಗೆ ಬಂದು ನಿನ್ನ ಫೋಟೋದ ಮುಂದೆ ನಿಂತೆ. ನಿನಗೆ ಇದ್ದದ್ದೂ ಇದೇ ರೋಗ. ಆದರೂ ಎಲ್ಲರೂ ನಿನ್ನನ್ನು ಹುಡುಗಿ ಎಂದರು, ಕೈಗೆ ಕಳಸ ಕೊಟ್ಟರು. ನಾಲ್ಕು ಮಾತು ಬೈದು ಬರೆಯೋಣವೆಂದೇ ಕೂತೆ.

ಬರೆಯುತ್ತ ಬರೆಯುತ್ತ ಆ ಫೋಟೋದ ಆಚೆಗಿನದು ನೆನಪಾಯಿತು. ನಮ್ಮ ಮನೆಯಲ್ಲಿ ಪ್ರತಿ ತಲೆಮಾರಿಗೂ ಹೇಳುತ್ತ ಬಂದ ಕಥೆ ಅದು. ನಾಳೆ ಕಲ್ಯಾಣಮಂಟಪದ ಮೆಟ್ಟಿಲು ಹತ್ತುವಾಗ ನಿನಗೆ ಎದೆ ಹಿಡಿದುಕೊಳ್ಳುತ್ತದೆ, ಎಡತೋಳು ಸೇದುತ್ತದೆ. ನೀನು ಹೇಳುತ್ತೀಯ. ಸುತ್ತಲಿನವರು ನಗುತ್ತಾರೆ. "ಈ ವಯಸ್ಸಿನ್ಯಾಗ ಎದಿನೋವು ಎಲ್ಲಿಂದ ಬಂತವಾ? ಗ್ಯಾಸ್ ಇರಬೇಕು, ಒಂದೀಟು ಅಜವಾನ ಬಾಯಾಗ ಹಾಕ್ಕೋ." ಚಿಕ್ಕವಳೆಂದರಲ್ಲ ಎಂದು ನಿನಗೂ ಒಳಗೊಳಗೆ ಹಿತವಾಗುತ್ತದೆ. ಅಜವಾನ ಜಗಿದು, ನಗುತ್ತ ಫೋಟೋಕ್ಕೆ ನಿಲ್ಲುತ್ತೀಯ. ಸಂಜೆ ಆರತಿಯ ಹೊತ್ತಿಗೆ ನೀನಿರುವುದಿಲ್ಲ.

ನಿನ್ನ ಅಕ್ಕ ಆಮೇಲೆ ಬದುಕಿಡೀ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಲೂಪಸ್ ಇರುವವರ ಮುಖ ನೋಡಿ ವಯಸ್ಸು ಹೇಳಬೇಡಿ, ನಾಳ ನೋಡಿ ಹೇಳಿ ಎಂದು ಬೇಡಿದಳು. ನಮ್ಮ ನಾಳವಯಸ್ಸಿನ ಪದ್ಧತಿ ಬೆಳೆದದ್ದು ಆ ಬೇಡಿಕೆಯಿಂದಲೇ. ನನಗೆ ಹತ್ತೊಂಬತ್ತಾದಾಗ ಕೇಳುಗಲ್ಲು ನಲವತ್ತೆಂಟು ಎಂದಿತು, ವೈದ್ಯರು ಓಡಿ ಬಂದರು, ಮುಚ್ಚಿಹೋಗುತ್ತಿದ್ದ ಎರಡು ನಾಳ ಬಿಡಿಸಿದರು. ನನ್ನನ್ನು ಮುದುಕಿ ಮಾಡಿದ್ದೂ ಅದೇ, ಉಳಿಸಿದ್ದೂ ಅದೇ. ಇದು ತಿಳಿದರೂ ಹೊಟ್ಟೆಕಿಚ್ಚು ಆರಿಲ್ಲ, ಸುಳ್ಳು ಯಾಕೆ ಹೇಳಲಿ.

ನೀನು ಉಳಿದರೆ ನಮ್ಮ ಪದ್ಧತಿ ಏನಾಗುತ್ತದೋ, ನಾನು ಏನಾಗುತ್ತೇನೋ ಗೊತ್ತಿಲ್ಲ. ಆದರೂ ಬೇಡುತ್ತೇನೆ. ನಾಳೆ ಎದೆ ಹಿಡಿದುಕೊಂಡಾಗ ಅಜವಾನ ಬೇಡ ಎನ್ನು. ನನಗೆ ಲೂಪಸ್ ಇದೆ, ನನ್ನ ನಾಳಗಳಿಗೆ ವಯಸ್ಸಾಗಿದೆ, ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಮಂಟಪ ಕೇಳುವಂತೆ ಕೂಗು. ಫೋಟೋ ಹಾಳಾಗಲಿ. ಕಳಸವನ್ನು ಪಕ್ಕದಲ್ಲಿರುವ ಯಾವಳಾದರೂ ಹುಡುಗಿಯ ಕೈಗೆ ಕೊಡು. ಕೊಡುವಾಗ ಅವಳನ್ನು ನೋಡಿ ನಿನಗೆ ಹೊಟ್ಟೆ ಉರಿಯುತ್ತದೆ. ಉರಿಯಲಿ ಬಿಡು. ನನಗೆ ದಿನವೂ ಉರಿಯುತ್ತದೆ, ಅದರಿಂದ ಯಾರೂ ಸಾಯುವುದಿಲ್ಲ.

ನಿನ್ನ,
ಮುಕ್ತಾಯಿ