ಹಳದಿಯೂ ಜ್ವರವೂ ಒಂದೇ ರಂಗದಲ್ಲಿ

ದ್ವಾರಕಾ ನಗರ, ವಿಶಾಖಪಟ್ಟಣ
14-9-1989

ನನ್ನ ಮುದ್ದಿನ ತಮ್ಮಾ ದಿನಕರಾ,

ಹೇಗಿದ್ದೀಯಪ್ಪಾ? ಅನ್ನ ಸೇರುತ್ತಿದೆಯೇ? ವಿಜಯವಾಡದಿಂದ ನೀನು ಹಾಕಿದ ಪತ್ರ ಬೆಳಿಗ್ಗೆ ಬ್ಯಾಂಕಿಗೇ ಬಂತು. ‘ಕಣ್ಣು ಹಳದಿಯಾಗಿ ಐದು ದಿನ, ಜ್ವರ ಇನ್ನೂ ನೂರಾಮೂರು, ಮಂಗಳಗಿರಿಯ ನಾಟಿ ವೈದ್ಯರು ಕೊಟ್ಟ ಕಾಮಾಲೆಯ ಸೊಪ್ಪಿನ ಪಸರು ಕುಡಿಯುತ್ತಿದ್ದೇನೆ, ಚಿಂತೆ ಬೇಡ’ ಅಂತೀಯ. ಚಿಂತೆ ಬೇಡವೇ! ಕೌಂಟರಿನಲ್ಲೇ ನಾನು ‘ಅಯ್ಯೋ!’ ಎಂದು ಕೂಗಿದ್ದಕ್ಕೆ ಸಾಲಿನಲ್ಲಿದ್ದವರು ಕಳ್ಳ ಹೊಕ್ಕನೆಂದು ಬೆಚ್ಚಿಬಿದ್ದರು.

ಕೇಳು. ಹೋದ ತಿಂಗಳು ನಿನ್ನ ವೈನಿ ಕಮಲಾ ನಮ್ಮನ್ನು ಬಿಟ್ಟು ಹೊರಟೇಬಿಡುವುದರಲ್ಲಿದ್ದಳು. ನೀನು ಹೆದರೀಯೆಂದು ಬರೆದಿರಲಿಲ್ಲ. ಎಂಟು ದಿನ ಜ್ವರ. ಒಂಬತ್ತನೆಯ ದಿನ ಕಣ್ಣೆಲ್ಲ ಅರಿಸಿನ! ಪಕ್ಕದ ಮನೆಯ ಸೂರ್ಯಕಾಂತಮ್ಮನವರು ಸೊಪ್ಪಿನ ರಸದ ಬಟ್ಟಲು ಹಿಡಿದು ಬಂದು ‘ಕಾಮೆರ್ಲೇ ಕದಂಡೀ, ಮೂಡು ರೋಜುಲು ಪಸರು ಚಾಲು’ ಎಂದರು. ಕಾಮಾಲೆಯಂತೆ, ಮೂರು ದಿನ ಪಸರು ಸಾಕಂತೆ! ಹೆಸರು ಸಿಕ್ಕಿದ ಸಮಾಧಾನದಲ್ಲಿ ನಾವು ಜ್ವರವನ್ನೇ ಮರೆತೆವು. ಮೂರನೆಯ ದಿನ ನಾನು ಮಂಚದ ಬಳಿ ಎದೆ ಬಡಿದುಕೊಂಡು ಗೋಳಾಡುತ್ತಿದ್ದರೆ ಅವಳು ನನ್ನನ್ನೇ ದಿಟ್ಟಿಸಿ, ‘ಯಾವ ಕಂಪನಿಯವ್ರೀ ನೀವು? ನಾಟಕ ಆಮ್ಯಾಲೆ ಮಾಡ್ರಿ, ಮೊದ್ಲ ನೀರು ಕೊಡ್ರಿ’ ಎಂದಳು. ಹದಿನೆಂಟು ವರ್ಷ ಬಾಳಿದ ಗಂಡನ ಗುರುತು ಹತ್ತಲಿಲ್ಲ, ತಮ್ಮಾ!

ಡಾಕ್ಟರ್ ಜಗನ್ಮೋಹನ್ ನಾಡಿ ಹಿಡಿದವರೇ ನನ್ನ ಮೇಲೆ ಗುಡುಗಿದರು. ಸಾಧಾರಣ ಕಾಮಾಲೆಯಲ್ಲಿ ಹಳದಿ ಬಂದರೆ ಜ್ವರ ಇಳಿಯುತ್ತದಂತೆ. ಒಬ್ಬನೇ ನಟ ಎರಡು ಪಾತ್ರ ಕಟ್ಟಿದ ಹಾಗೆ, ಒಂದರ ಪ್ರವೇಶವಾದರೆ ಇನ್ನೊಂದರ ನಿರ್ಗಮನ. ಎರಡೂ ಒಟ್ಟಿಗೆ ರಂಗದ ಮೇಲೆ ನಿಂತವೋ, ಒಳಗೆ ಬೇರೆಯವನೇ ಇದ್ದಾನೆ! ರಕ್ತಪರೀಕ್ಷೆಯಲ್ಲಿ ಅವನ ಹೆಸರು ಹೊರಬಿತ್ತು: ಟೈಫಾಯ್ಡ್. ಕರುಳಿನಲ್ಲಿ ಇರುವವನು ಲಿವರಿಗೂ ನುಗ್ಗಿದ್ದ. ಅಪರೂಪ, ಆದರೆ ಉಂಟು ಎಂದರು. ಹದಿನಾಲ್ಕು ದಿನ ಔಷಧಿ ನಡೆಯಿತು. ಈಗ ಕಮಲಾ ಗೋಡೆ ಹಿಡಿದು ನಡೆಯುತ್ತಾಳೆ, ನನ್ನನ್ನು ಹೆಸರು ಹಿಡಿದು ಬೈಯುತ್ತಾಳೆ.

ಅದಕ್ಕೇ ಹೇಳುತ್ತೇನೆ, ಆ ಪಸರು ಚೆಲ್ಲು. ರಕ್ತ ಪರೀಕ್ಷೆ ಮಾಡಿಸು. ನಿನ್ನ ಮನೆಯಾಕೆ ವಿಜಯಲಕ್ಷ್ಮೀಗೆ ನಮ್ಮಿಬ್ಬರ ಹಾರೈಕೆ. ಬೆಟ್ಟದ ಮೇಲಿನ ದುರ್ಗಮ್ಮ ನಿನ್ನ ತಲೆ ಕಾಯಲಿ.

ನಿನ್ನ ಅಣ್ಣ,
ಚಂದ್ರಮೌಳಿ

ತಾ.ಕ.: ಊಟದ ಬಿಡುವಿನಲ್ಲಿ ನಿನ್ನ ಪತ್ರವನ್ನು ಡಾಕ್ಟರಿಗೆ ತೆಲುಗಿನಲ್ಲಿ ಓದಿ ಹೇಳಿದೆ. ಅದರ ಅಂಚಿನಲ್ಲಿ ವಿಜಯಲಕ್ಷ್ಮೀ ಒಂದು ಸಾಲು ಸೇರಿಸಿದ್ದಾಳೆ, ಬೆಳಿಗ್ಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ: ‘ನಿನ್ನೆಯಿಂದ ಸಂಡಾಸ ಡಾಂಬರಿನಂಗ ಕರ‍್ರಗ ಹೊಂಟದ, ಪಸರಿಗೆ ವಿಷ ಇಳೀಲಿಕ್ಕತ್ತದಂತ.’ ಅದನ್ನು ಕೇಳಿ ಡಾಕ್ಟರು ಎದ್ದು ನಿಂತರು. ವಿಷವಲ್ಲ, ಸೊಪ್ಪಿನ ಬಣ್ಣವೂ ಅಲ್ಲ, ಟೈಫಾಯ್ಡಿಗೆ ಕರುಳು ಒಡೆದ ರಕ್ತವಿರಬೇಕು ಎಂದರು. ಪತ್ರ ಅಂಚೆಗೆ ಹಾಕುತ್ತಿಲ್ಲ. ನಮ್ಮ ಕ್ಯಾಷಿಯರ್ ರಾಮಮೋಹನ್ ಈಗಿನ ರೈಲಿಗೇ ಹೊರಟಿದ್ದಾರೆ, ರಿಕ್ಷಾ ನಿಲ್ಲಿಸಿಕೊಂಡೇ ಇದನ್ನು ನಿನ್ನ ಕೈಗೆ ಕೊಡುತ್ತಾರೆ. ಆಸ್ಪತ್ರೆಗೆ ಹೋಗು. ಆದರೆ ನೀನಾಗಿ ನಡೆಯಬೇಡ, ಅವರು ಎತ್ತಿಕೊಳ್ಳಲಿ.